ಗಿಳಿ ಯಾಕೆ ಕತ್ತು ತಿರುಗಿಸಿತು?

ಪ್ರಬಂಧ ಬರೆಯಿರಿ ಎಂದು ಹೇಳುವುದು ಈ ಲೋಕದ ಅತಿ ಸುಲಭದ ಕೆಲಸಗಳಲ್ಲಿ ಒಂದು. ಹಲಗೆಯ ಮೇಲೆ ಒಂದು ಸಾಲು ಗೀಚಿ, ಕೈಗಂಟಿದ ಸೀಮೆಸುಣ್ಣ ಕೊಡವಿ, "ಮುಂದಿನ ವಾರ ತನ್ನಿ" ಎಂದರೆ ಮುಗಿಯಿತು. ಕಷ್ಟವೇನಿದ್ದರೂ ಮುಂದಿನ ವಾರದ್ದು. ಆ ವಾರ ಬಂದಾಗ ಮೇಜಿನ ಮೇಲೆ ಕಾಗದದ ಒಂದು ಸಣ್ಣ ಬೆಟ್ಟ ಎದ್ದು ನಿಲ್ಲುತ್ತದೆ. ಬರೆದವರೆಲ್ಲ ಆರಾಮವಾಗಿ ಕ್ಯಾಂಟೀನಿನಲ್ಲಿ ಬಜ್ಜಿ ತಿನ್ನುತ್ತಿರುತ್ತಾರೆ. ಬರೆಸಿದವನು ಮಾತ್ರ ಬೆಟ್ಟದ ಬುಡದಲ್ಲಿ ಕೆಂಪು ಪೆನ್ನು ಹಿಡಿದು ಕೂತಿರುತ್ತಾನೆ.

ನಾನು ಕೃಷ್ಣರಾಜಪೇಟೆಯ ಒಂದು ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುವವನು. ಕೆಲವು ವರ್ಷಗಳಿಂದ ನೀತಿಯನ್ನೂ ಹೇಳಿಕೊಡುತ್ತಿದ್ದೇನೆ. ನನ್ನ ನಡತೆ ನೋಡಿ ಯಾರೋ ಮೆಚ್ಚಿ ಕೊಟ್ಟದ್ದು ಎಂದು ತಿಳಿಯಬೇಡಿ. ಪಠ್ಯಕ್ಕೆ ನೀತಿಶಾಸ್ತ್ರ ಎಂಬ ಹೊಸ ಪತ್ರಿಕೆ ಬಂದಾಗ ಅದನ್ನು ಯಾರು ತೆಗೆದುಕೊಳ್ಳಬೇಕು ಎಂಬ ಸಭೆ ನಡೆಯಿತು. ನಾನು ಸಭೆಗೆ ತಡವಾಗಿ ಹೋದೆ. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಹೊತ್ತಿಗೆ ಸರಿಯಾಗಿ ಬಂದವರೆಲ್ಲ ನೀತಿಯಿಂದ ಪಾರಾದರು.

ಪ್ರಬಂಧವನ್ನು ಹೇಗೆ ಶುರು ಮಾಡಬೇಕೆಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಚರಿತ್ರೆಯಾದರೆ "ಪ್ರಾಚೀನ ಕಾಲದಿಂದಲೂ" ಎಂದು ಶುರು. ನೀತಿಯಾದರೆ "ಇಂದಿನ ಯುಗದಲ್ಲಿ ಮೌಲ್ಯಗಳು ಕುಸಿಯುತ್ತಿವೆ". ಸಾಹಿತ್ಯವಾದರೆ "ಸಾಹಿತ್ಯವು ಸಮಾಜದ ಕನ್ನಡಿ". ಏನೂ ತೋಚದಿದ್ದರೆ ಮೂರಕ್ಕೂ ಒದಗುವ "ಮಾನವ ಸಂಘಜೀವಿ" ಇದ್ದೇ ಇದೆ. ಹುಡುಗಿಯರು ಅಂಚಿನಲ್ಲಿ ಹಸಿರು ಸ್ಕೆಚ್ ಪೆನ್ನಿನಿಂದ ಬಳ್ಳಿ ಬಿಡಿಸುತ್ತಾರೆ. ಹುಡುಗರು ಆ ಪ್ರಬಂಧವನ್ನು ಎರವಲು ತಂದು ನಿಷ್ಠೆಯಿಂದ ನಕಲು ಮಾಡುತ್ತಾರೆ, ಬಳ್ಳಿಯನ್ನೂ ಸೇರಿಸಿ. ಈಚೆಗೆ ಅದೂ ನಿಂತಿದೆ, ಈಗ ಮೊಬೈಲೇ ಬರೆದುಕೊಡುತ್ತದೆ. ಅಕ್ಕಿಹೆಬ್ಬಾಳಿನ ಒಬ್ಬ ಹುಡುಗ "ನಮ್ಮೂರಿನ ನದಿ" ಎಂದು ಬರೆದು ತಂದ ಪ್ರಬಂಧದಲ್ಲಿ, ಹೇಮಾವತಿ ಭೋರ್ಗರೆಯುತ್ತ ಸಮುದ್ರ ಸೇರುವ ದೃಶ್ಯ ಅವನ ಮನೆಯ ಹಿತ್ತಿಲಿಂದಲೇ ಕಾಣುತ್ತಿತ್ತು. "ಇದೆಲ್ಲಿ ಕಂಡೆಯಪ್ಪ?" ಎಂದು ಕೇಳಿದೆ. "ನಾನ್ ನೋಡಿಲ್ಲ ಸಾ, ಅದು ನೋಡ್ಯದೆ" ಎಂದು ಮೊಬೈಲಿದ್ದ ಜೇಬು ಮುಟ್ಟಿ ತೋರಿಸಿದ.

ಆವತ್ತೇ ಸ್ಟಾಫ್ ರೂಮಿನಲ್ಲಿ ಪುಟ್ಟಸ್ವಾಮಿಯವರ ಜೊತೆ ಕೂತು ಒಂದು ಉಪಾಯ ಮಾಡಿದೆ. ಪುಟ್ಟಸ್ವಾಮಿ ನಮ್ಮ ಕನ್ನಡ ಅಧ್ಯಾಪಕರು. ಪಾಂಡವಪುರದ ಕಡೆಯವರು, ಹಸು ಕಟ್ಟಿದ್ದಾರೆ, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಮೊದಲ ಗಂಟೆಗೆ ಕಾವ್ಯ ಹೇಳುತ್ತಾರೆ. ಮೊಬೈಲಿಗೆ ಗೊತ್ತಿಲ್ಲದ ವಿಷಯ ಕೊಡಬೇಕು ಎಂದೆ ನಾನು. "ಮನೇಲಿ ತಲೆತಲಾಂತರದಿಂದ ಯೇಳ್ಕೊಂಡ್ ಬಂದಿರೋ ಒಂದ್ ಸಂಗತಿ ಬರೀರಿ ಅನ್ನಿ. ಮೂರ್ ಪತ್ರಿಕೆಗೂ ಅದೊಂದೇ ಸಾಕು. ನಿಜವೇ ಅಂತ ಚರಿತ್ರೆಗೆ ನೀವ್ ನೋಡಿ, ಚೆಂದವೇ ಅಂತ ಸಾಹಿತ್ಯಕ್ಕೆ ನಾನ್ ನೋಡ್ತೀನಿ" ಎಂದರು ಅವರು. "ಸರಿಯೇ ಅಂತ ನೀತಿಗೆ ಯಾರು ನೋಡೋದು?" ಎಂದೆ. "ಮೀಟಿಂಗ್‌ಗೆ ಲೇಟಾಗಿ ಬಂದೋರು" ಎಂದವರೇ, ಗಂಟೆ ಹೊಡೆಯಿತೆಂದು ಎದ್ದುಹೋದರು.

ವಿಷಯ ಕೊಟ್ಟೆ. ಮಕ್ಕಳು ಮಿಕಮಿಕ ನೋಡಿದವು. ಒಂದು ಮಾದರಿ ಇರಲಿ ಎಂದು ನಮ್ಮ ಮನೆಯ ಬಾಗಿಲಿನ ಕಥೆ ಹೇಳಿದೆ.

ಮನೆಯ ಬಾಗಿಲು ಎಂದರೆ ನಮ್ಮ ಮನೆಯದಲ್ಲ, ಶ್ರೀರಂಗಪಟ್ಟಣದ್ದು. ನಮ್ಮದು ಬಡಗಿಗಳ ಮನೆತನ. ನಮ್ಮಪ್ಪ ವೀರಾಚಾರಿ ಇದೇ ಕೃಷ್ಣರಾಜಪೇಟೆಯಲ್ಲಿ ಗಾಡಿಚಕ್ರ, ನೇಗಿಲು, ತೊಟ್ಟಿಲು, ಬಾಗಿಲು ಮಾಡಿಕೊಂಡಿದ್ದವರು. ಆ ಕೈಯ ಗುಣ ನನ್ನವರೆಗೆ ಬರಲಿಲ್ಲ. ನಾನು ಗೋಡೆಗೆ ಹೊಡೆದ ಮೊಳೆ ಯಾವತ್ತೂ ಗೋಡೆಯಲ್ಲಿ ನಿಂತಿದ್ದಿಲ್ಲ. ನಮ್ಮ ಮನೆಯ ಕ್ಯಾಲೆಂಡರು ಈಗಲೂ ಕಿಟಕಿಯ ಸರಳಿಗೇ ನೇತಾಡುತ್ತದೆ. ನಮ್ಮ ಕಡೆ ಕಸಬಿನವರು ಅಮಾವಾಸ್ಯೆಯ ದಿನ ಉಳಿ, ಸುತ್ತಿಗೆ ಮುಟ್ಟುವುದಿಲ್ಲ. ಹತಾರಗಳನ್ನು ತೊಳೆದು ಕುಂಕುಮ ಇಟ್ಟು ಸುಮ್ಮನೆ ಕೂರಬೇಕು. ನಮ್ಮಪ್ಪನಿಗೆ ಸುಮ್ಮನೆ ಕೂರುವುದು ಬಾರದು. ಹೀಗಾಗಿ ವರ್ಷಕ್ಕೊಂದು ಅಮಾವಾಸ್ಯೆ ನನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದರು. ಪಾಂಡವಪುರ ಬಂತೆಂದು ಕಿಟಕಿಯಿಂದ ನೋಡಬೇಕಿರಲಿಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆಯೇ ಎಬ್ಬಿಸುತ್ತಿತ್ತು. ಪಟ್ಟಣದಲ್ಲಿ ಇಳಿದರೆ ನಾವು ಮೊದಲು ದೇವಸ್ಥಾನಕ್ಕೂ ಹೋಗುತ್ತಿರಲಿಲ್ಲ. ಕೋಟೆಯೊಳಗಿನ ಒಂದು ಸಂದಿಯಲ್ಲಿ, ಪ್ರವಾಸಿಗರು ಯಾರೂ ತಲೆಹಾಕದ ಒಂದು ಹಳೆಯ ಛತ್ರಕ್ಕೆ ನೇರವಾಗಿ ಹೋಗುತ್ತಿದ್ದೆವು. ಅದಕ್ಕೊಂದು ದೊಡ್ಡ ಕೆತ್ತನೆಯ ಬಾಗಿಲು. ಬಾಗಿಲ ಕೆಳಮೂಲೆಯಲ್ಲಿ ಒಂದು ಗಿಳಿ. ಉಳಿದ ಗಿಳಿಗಳೆಲ್ಲ ಮುಂದೆ ನೋಡುತ್ತಿದ್ದರೆ ಇದೊಂದು ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು.

"ನಮ್ ಮುತ್ತಾತ ಮಾಡಿದ್ದು ಕಣ್ಲಾ" ಎನ್ನುತ್ತಿದ್ದರು ಅಪ್ಪ. "ಈ ಗಿಳಿ ಕೆತ್ತೋವಾಗ ನಮ್ಮುತ್ತಜ್ಜಿ ಬುತ್ತಿ ತಂದು ಕೂಗ್ತಂತೆ. ಒಂದ್ ಸಲ ಕೂಗ್ತು, ತಿರುಗ್ನಿಲ್ಲ. ಎರಡ್ ಸಲ ಕೂಗ್ತು, ತಿರುಗ್ನಿಲ್ಲ. ಆಮೇಲೆ, 'ಉಣ್ಣಾಕ್ ಬತ್ತೀಯೋ, ಆ ಬಾಗ್ಲನ್ನೇ ತಿಂತೀಯೋ' ಅಂತು. ಮುತ್ತಾತ ಕತ್ ತಿರುಗ್ಸುದ್ರು. ಉಳೀನೂ ತಿರುಗ್ಬುಡ್ತು." ಹೀಗೆ ಹೇಳಿ ಅಪ್ಪ ಗಿಳಿಯನ್ನು ಅಂಗೈಯಿಂದ ಒಮ್ಮೆ ಸವರಿ, ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನ್ನ ಕೈಲೂ ಸವರಿಸುತ್ತಿದ್ದರು. ಆಮೇಲೆ ಕಡ್ಲೆಪುರಿ.

ಇಷ್ಟನ್ನು ನಾನು ಆಗಾಗ ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಇದೆಲ್ಲ ಹೀಗೆಯೇ ನಡೆಯಿತೇ ಎಂದು ಕೇಳಬೇಡಿ. ಹುಡುಗನಾಗಿದ್ದಾಗಿನಿಂದ ಡೈರಿ ಬರೆಯುವ ಚಾಳಿ ನನಗಿದೆ. ಅಂಥ ಒಂದು ಪ್ರಯಾಣದ ದಿನ ಬರೆದಿದ್ದು ಇಷ್ಟೇ: "ಬೆಳಿಗ್ಗೆ ಎದ್ದೆ. ಪಟ್ಟಣಕ್ಕೆ ಹೋದೆ. ಬಂದೆ." ಗಿಳಿ, ಅಜ್ಜಿ, ಕಡ್ಲೆಪುರಿ ಯಾವುದೂ ಇಲ್ಲ. ವಿವರವಾಗಿ ಬರೆದ ದಿನಗಳನ್ನೂ ನಾನು ಪೂರ್ತಿ ನಂಬುವುದಿಲ್ಲ. ಬರೆದವನು ನಾನೇ ತಾನೆ?

ಪ್ರಬಂಧಗಳು ಬಂದವು. ಈ ಸಲದ ಬೆಟ್ಟ ಹತ್ತಲು ಹಿತವಾಗಿತ್ತು. ಒಬ್ಬಳ ಅಜ್ಜಿ ಹಾವನ್ನು ಮಾತಿನಲ್ಲೇ ಸೋಲಿಸಿ ಕಳಿಸಿದ್ದರು. ಒಬ್ಬನ ಮನೆಯ ಎತ್ತು ಸಂತೆಯಿಂದ ತಾನೇ ದಾರಿ ಹುಡುಕಿಕೊಂಡು ವಾಪಸು ಬಂದಿತ್ತು. ನಗುತ್ತ ನಗುತ್ತ ಚಂದ್ರಕಲಾ ಎಂಬ ಹುಡುಗಿಯ ಹಾಳೆ ತೆಗೆದೆ. ಅವಳು ನಾಗಮಂಗಲದ ಕಡೆಯ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ನಾನು ಬಾಗಿಲಿನ ಕಥೆ ಹೇಳಿದ ದಿನ ಅವಳೊಬ್ಬಳು ನಗದೆ ಕೂತಿದ್ದಳು. ಅದು ಈಗ ನೆನಪಾಗುತ್ತದೆ, ಅಥವಾ ಈಗ ನೆನಪಾದಂತೆ ಅನ್ನಿಸುತ್ತದೆ.

"ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಹಳೆಯ ಛತ್ರವಿದೆ" ಎಂದು ಅವಳ ಪ್ರಬಂಧ ಶುರುವಾಗಿತ್ತು. "ಅದರ ಬಾಗಿಲ ಮೇಲೆ ಕತ್ತು ತಿರುಗಿಸಿದ ಒಂದು ಗಿಳಿ ಇದೆ. ಅದನ್ನು ಕೆತ್ತಿದವರು ನಮ್ಮ ಮುತ್ತಜ್ಜ."

ನಾನು ಎದ್ದು ನೀರು ಕುಡಿದು ಬಂದು ಮುಂದೆ ಓದಿದೆ. ಅವಳ ಮುತ್ತಜ್ಜ ಆ ಗಿಳಿಯನ್ನು ಕೆತ್ತುತ್ತಿದ್ದಾಗ ನಾಗಮಂಗಲದಿಂದ ಒಬ್ಬ ಓಡಿ ಬಂದು, ಹಿಂದಿನಿಂದ "ಆಚಾರ್ರೇ, ಮಗಳು ಹುಟ್ಟಿದಳು" ಎಂದನಂತೆ. ಅವರು ಹಿಗ್ಗಿ ತಿರುಗಿ ನೋಡಿದರಂತೆ. ಗಿಳಿಯೂ ತಿರುಗಿತಂತೆ. "ಆದ್ದರಿಂದ ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಮುಖ ಸಣ್ಣ ಮಾಡುವವರಿಲ್ಲ" ಎಂದು ಪ್ರಬಂಧ ಮುಗಿದಿತ್ತು. ಅಂಚಿನಲ್ಲಿ ಬಳ್ಳಿ ಇರಲಿಲ್ಲ.

ಕೆಂಪು ಪೆನ್ನು ತೆಗೆದು "ಕೆತ್ತಿದವರು ನಮ್ಮ ಮುತ್ತಜ್ಜ" ಎಂಬುದರ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಆಧಾರ?" ಎಂದು ಬರೆದೆ. ಚರಿತ್ರೆಯ ಮೇಷ್ಟ್ರು ಬರೆಯಲೇಬೇಕಾದ ಮಾತು ಅದು. ಹಾವನ್ನು ಮಾತಿನಲ್ಲಿ ಸೋಲಿಸಿದ ಅಜ್ಜಿಗೆ ಅದನ್ನು ಬರೆದಿರಲಿಲ್ಲ ಎಂಬುದು ಪುಟ್ಟಸ್ವಾಮಿ ತೋರಿಸಿದ ಮೇಲೆ ಹೊಳೆಯಿತು. ಅವರು ಅದೇ ಪ್ರಬಂಧಕ್ಕೆ ಸಾಹಿತ್ಯದಲ್ಲಿ ಪೂರ್ತಿ ಅಂಕ ಕೊಟ್ಟು ಕೂತಿದ್ದರು. "ಬೇಜಾರ್ ಮಾಡ್ಕೋಬ್ಯಾಡಿ, ನಿಮ್ ಗಿಳಿಗಿಂತ ಇವ್ಳ್ ಗಿಳಿ ವಾಸಿ" ಎಂದರು. "ನಿಮ್ದು ಅನ್ನಕ್ಕೆ ತಿರುಗ್ತು, ಇವ್ಳ್ದು ಮಗೀಗೆ ತಿರುಗ್ತು." ನೀತಿಯ ಅಂಕದ ಖಾನೆ ಖಾಲಿ ಇತ್ತು. ಇಬ್ಬರಲ್ಲಿ ಯಾರೋ ಒಬ್ಬರ ಮುತ್ತಜ್ಜ ಆ ಬಾಗಿಲನ್ನು ಮುಟ್ಟಿಯೇ ಇರಲಿಲ್ಲ. ಅದು ಯಾರೆಂದು ತೀರ್ಪು ಕೊಡುವ ಕುರ್ಚಿಯಲ್ಲಿ ವಾದಿಯೇ ಕೂತಿದ್ದ.

ಮಾರನೆಯ ದಿನ ಚಂದ್ರಕಲಾ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದಳು.

"ಸಾ, ಇದೇನ್ ಬರ್ದಿದ್ದೀರಿ?"

"ಆಧಾರ ಕೊಡಬೇಕಮ್ಮ. ಚರಿತ್ರೆ ಅಂದಮೇಲೆ ಹೇಳಿದ್ದನ್ನೆಲ್ಲ ಒಪ್ಪೋಕಾಗುತ್ತಾ?"

"ಅಂಗಾರೆ ನಿಮ್ ಬಾಗ್ಲಿಗೆ ಏನ್ ಸಾ ಆಧಾರ?"

ಪುಟ್ಟಸ್ವಾಮಿ ಓದುತ್ತಿದ್ದ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪತ್ರಿಕೆ ಕುಲುಕುತ್ತಿತ್ತು.

"ನಮ್ಮಪ್ಪ ಹೇಳಿದ್ದು" ಎಂದೆ.

"ನಮ್ಮಪ್ಪನೂ ಯೇಳಿದ್ದೇ ಸಾ." ಅಷ್ಟು ಹೇಳಿ ಅವಳು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ. ಹಾಳೆಯನ್ನು ಮಡಿಸುತ್ತ ನಿಂತಳು. "ನಾನು ಪಿಯುಸಿ ಮುಗ್ಸುದ್ಮೇಲೆ ಓದುಸ್ಬ್ಯಾಡ, ಮದ್ವೆ ಮಾಡು ಅಂದ್ರು ನಮ್ ದೊಡ್ಡಪ್ಪ. ನಮ್ಮಪ್ಪ ಜಗಳ ಆಡ್ನಿಲ್ಲ ಸಾ. ದೊಡ್ಡಪ್ಪನ್ನ ಪಟ್ಣಕ್ಕೆ ಕರ್ಕೊಂಡೋಗಿ ಆ ಗಿಳಿ ಮುಂದೆ ನಿಲ್ಸಿ, 'ನಮ್ಮಜ್ಜ ಎಣ್ಣ್ ಉಟ್ಟಿದ್ಕೆ ಇಂಗೆ ತಿರುಗ್ತು, ನೀನು ಮಕ ತಿರುಗುಸ್ತೀಯಾ' ಅಂತು. ಅವತ್ತಿಂದ ಅವ್ರು ಮದ್ವೆ ಮಾತ್ ಎತ್ನಿಲ್ಲ. ಈಗ ಈ ಕೆಂಪ್ ಇಂಕು ಅವ್ರ ಕಣ್ಗೆ ಬಿದ್ರೆ, 'ನೋಡಿದ್ಯಾ, ಮೇಷ್ಟ್ರೇ ಸುಳ್ಳು ಅಂದವ್ರೆ' ಅಂತಾರೆ. ಇನ್ನೂ ಒಂದ್ ವರ್ಷ ಅದೆ ಸಾ ನಂದು."

ಪತ್ರಿಕೆ ಕುಲುಕುವುದು ನಿಂತಿತು. ನಾನು ಬರೆದದ್ದು ಸುಳ್ಳು ಎಂದಲ್ಲ, ಆಧಾರ ಎಂದು ಮಾತ್ರ ಎಂದು ಹೇಳಬಹುದಿತ್ತು. ವಿಶ್ವವಿದ್ಯಾನಿಲಯದಲ್ಲಿ ನನಗೆ ಆ ವ್ಯತ್ಯಾಸ ಕಲಿಸಲು ಎರಡು ವರ್ಷ ತೆಗೆದುಕೊಂಡಿದ್ದರು. ಅವಳ ದೊಡ್ಡಪ್ಪನಿಗೆ ಅದನ್ನು ಒಂದು ಪ್ರಶ್ನಾರ್ಥಕ ಚಿಹ್ನೆಯಲ್ಲಿ ಕಲಿಸುವುದು ನನ್ನ ಕೈಲಾಗುವಂತಿರಲಿಲ್ಲ. ಇತ್ತ, ಅವಳ ಮಾತನ್ನು ಒಪ್ಪಿ ಗೆರೆ ಹೊಡೆದುಹಾಕಿದರೆ, ಬುತ್ತಿ ಹಿಡಿದು ನಿಂತ ನಮ್ಮ ಮುತ್ತಜ್ಜಿ ಎಲ್ಲಿಗೆ ಹೋಗಬೇಕು? ನಮ್ಮಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅವರು ಮಾಡಿದ ತೊಟ್ಟಿಲುಗಳೆಲ್ಲ ಯಾರ ಯಾರ ಮನೆಯ ಅಟ್ಟ ಸೇರಿವೆಯೋ ಗೊತ್ತಿಲ್ಲ. ನನ್ನ ಪಾಲಿಗೆ ಉಳಿದದ್ದು ಆ ಗಿಳಿಯೊಂದೇ.

"ಹೋಗಿ ನೋಡೋಣ" ಎಂದೆ, ಬೇರೇನೂ ತೋಚದೆ. "ನಿಮ್ಮಪ್ಪನನ್ನೂ ಕರೆದುಕೊಂಡು ಬಾ."

"ಅಮಾಸೆ ದಿನ ಆದ್ರೆ ಬತ್ತಾರೆ ಸಾ. ಬೇರೆ ದಿನ ಕೆಲ್ಸ."

ಆ ತಿಂಗಳ ಅಮಾವಾಸ್ಯೆ ಪುಣ್ಯಕ್ಕೆ ಭಾನುವಾರವೇ ಬಂತು. ನಾನು ಪುಟ್ಟಸ್ವಾಮಿಯವರನ್ನು ಸಾಕ್ಷಿಗೆಂದು ಕರೆದುಕೊಂಡು ಬಸ್ಸು ಹತ್ತಿದೆ. ಪಾಂಡವಪುರದಲ್ಲಿ ಕಾಕಂಬಿಯ ವಾಸನೆಗೆಂದು ಮೂಗರಳಿಸಿ ಕಾದೆ. ಬರಲಿಲ್ಲ. "ಆವತ್ತು ಇಲ್ಲೇ ಬರುತ್ತಿತ್ತು" ಎಂದೆ. "ನಮ್ಮೂರ್ ವಾಸ್ನೆ ನೀವ್ ನಂಗೆ ಯೇಳ್ಕೊಡ್ತೀರಲ್ಲ" ಎಂದರು ಪುಟ್ಟಸ್ವಾಮಿ.

ಚಂದ್ರಕಲಾಳ ಅಪ್ಪ ಬಸವಾಚಾರಿ ಛತ್ರದ ಮುಂದೆಯೇ ನಿಂತಿದ್ದರು. ತೊಳೆದ ಬಿಳಿ ಅಂಗಿ, ಒರಟು ಬೆರಳು. ನಮಸ್ಕಾರ ಮಾಡಿದ ರೀತಿಯಲ್ಲೇ ಜಗಳಕ್ಕೆ ಬಂದವರಲ್ಲ ಎಂದು ಗೊತ್ತಾಯಿತು.

"ನೀವೂ ನಮ್ಮೋರೇ ಅಂತೆ ಸಾ. ಮಗಳು ಯೇಳ್ತು. ನಿಮ್ಮ ತಂದೆಯೋರೂ ಅಮಾಸೆಗೇ ಬತ್ತಿದ್ರಾ?"

"ಹೌದು, ಬೆಳಿಗ್ಗೆ ಮೊದಲನೇ ಬಸ್ಸಿಗೆ."

"ಅದ್ಕೇ ಕಾಣ್ನಿಲ್ಲ. ನಾವು ಉಂಡ್ಕೊಂಡು ಮದ್ಯಾನದ್ ಮ್ಯಾಲೆ ಬತ್ತಿದ್ದೋ." ಇಬ್ಬರು ಮುತ್ತಜ್ಜಂದಿರು ಇಷ್ಟು ಕಾಲ ಒಂದೇ ಬಾಗಿಲಲ್ಲಿ ಸಂಸಾರ ಮಾಡಿದ್ದು ಹೇಗೆ ಎಂಬುದು ಆಗ ತಿಳಿಯಿತು. ಬಸ್ಸಿನ ವೇಳಾಪಟ್ಟಿ ಕಾಪಾಡಿತ್ತು.

ನಾವು ಬಾಗಿಲ ಹತ್ತಿರ ಹೋಗುವ ಮುಂಚೆಯೇ ಅಲ್ಲಿ ಯಾರೋ ಇದ್ದರು. ದಪ್ಪಗಿನ ಒಬ್ಬ ಯಜಮಾನರು, ಪಕ್ಕದಲ್ಲಿ ರೇಷ್ಮೆ ಸೀರೆಯ ಹೊಸ ಸೊಸೆ. ಯಜಮಾನರು ಆ ಮೂಲೆಯತ್ತಲೇ ಬೆರಳು ಮಾಡಿ ಹೇಳುತ್ತಿದ್ದರು: "ನೋಡವ್ವ, ಈ ಬಾಗ್ಲಿನ್ ಮರ ನಮ್ದು. ಪಾಲಹಳ್ಳಿ ನಮ್ಮೊಲದಲ್ಲಿ ಇದ್ದದ್ದು. ನಮ್ ಮುತ್ತಾತ ಕಡ್ಸಿ ಗಾಡಿ ಮೇಲೆ ಏರ್ಕೊಂಡ್ ಬಂದ್ ಕೊಡ್ತು. ಅದ್ಕೇ ನೋಡು, ಈ ಕೊಕ್ಕರೆ ತಿರುಗ್ಕೊಂಡು ನಮ್ಮೂರ್ ಕಡೀಕೇ ನೋಡ್ತಾ ಅದೆ. ತನ್ ಮರ ಉಡುಕ್ತಾ ಅದೆ."

"ಕೊಕ್ಕರೆಯಾ?" ಎಂದು ನಾನೂ ಬಸವಾಚಾರಿಯೂ ಒಟ್ಟಿಗೆ ಕೇಳಿದೆವು. ಆ ಕ್ಷಣದಲ್ಲಿ ನಾವಿಬ್ಬರೂ ಒಂದೇ ಪಕ್ಷಕ್ಕೆ ಬಂದಿದ್ದೆವು.

"ಇನ್ನೇನ್ ಸ್ವಾಮಿ? ನಮ್ಮೂರ್ ಪಕ್ಕ ಒಳೇಲಿ ಇರೋದೆಲ್ಲ ಅದೇ ತಾನೆ."

"ಗಿಳಿ ಕಣಣ್ಣೋ ಅದು!" ಎಂದರು ಬಸವಾಚಾರಿ. "ಕೆತ್ತಿದ್ದು ನಮ್ಮಜ್ಜ, ನಮಗ್ ಗೊತ್ತಿಲ್ವಾ?"

"ಮರ ನಮ್ದು, ನಮಗ್ ಗೊತ್ತಿಲ್ವಾ?"

"ಅಲ್ಲ, ಇವ್ರೂ ಕೆತ್ತವ್ರೆ" ಎಂದು ಪುಟ್ಟಸ್ವಾಮಿ ಕಡ್ಲೆಪುರಿ ಅಗಿಯುತ್ತ ನನ್ನ ಕಡೆ ತೋರಿಸಿದರು. "ಈ ಬಾಗ್ಲಲ್ಲಿ ಪಾಂಡವಪುರದೋರ್ ಪಾಲೇ ಇಲ್ವಲ್ಲ, ನಮ್ಮಜ್ಜ ಏನ್ ಮಾಡುದ್ರು ಅನ್ಲಿ? ಅಜ್ಜ ಬಂದು ಬಾಗ್ಲು ತೆಗುದ್ರು ಅಂತೀನಿ ಬುಡಿ."

ಹೊಸ ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಚಂದ್ರಕಲಾ ನಕ್ಕಳು. ಯಜಮಾನರೂ ಬಸವಾಚಾರಿಯೂ ನಕ್ಕರೂ ಪಟ್ಟು ಬಿಡಲಿಲ್ಲ. ಗಿಳಿಯೋ ಕೊಕ್ಕರೆಯೋ ನೋಡೇಬಿಡೋಣ ಎಂದು ಎಲ್ಲರೂ ಬಗ್ಗಿದೆವು. ಕೊಕ್ಕು ನೋಡಿದರೆ ತಿಳಿಯುತ್ತದಲ್ಲ, ಮೋಟಾದರೆ ಗಿಳಿ, ಉದ್ದವಾದರೆ ಕೊಕ್ಕರೆ.

ಕೊಕ್ಕು ಇರಲಿಲ್ಲ.

ಆ ಹಕ್ಕಿಗೆ ಕೊಕ್ಕೂ ಇರಲಿಲ್ಲ, ಕಣ್ಣೂ ಇರಲಿಲ್ಲ. ಕತ್ತು ತಿರುಗಿದ ಒಂದು ಬಳುಕು ಮಾತ್ರ ಉಳಿದು, ಉಳಿದದ್ದೆಲ್ಲ ನುಣ್ಣಗೆ, ತೊಟ್ಟಿಲ ಕೋಲಿನ ಹಾಗೆ ಹೊಳೆಯುತ್ತಿತ್ತು. ಮೇಲಿನ ಸಾಲಿನ ಗಿಳಿಗಳಿಗೆ ಗರಿ ಗರಿಯೂ ಹಾಗೇ ಇತ್ತು, ಧೂಳು ಕೂತು. ಇದೊಂದನ್ನೇ ಜನ ಸವರಿ ಸವರಿ ತೇಯಿಸಿಬಿಟ್ಟಿದ್ದರು. ಇದು ನಮ್ಮದು ಎಂದು ಹೇಳಿದವರೆಲ್ಲ, ಹೇಳಿದ ಮೇಲೆ ಅಂಗೈಯಿಟ್ಟು, ಯಾರದೆಂದು ಹೇಳಬಹುದಾಗಿದ್ದ ಗುರುತನ್ನು ಅಷ್ಟಷ್ಟೇ ಮನೆಗೆ ಒಯ್ದಿದ್ದರು. ಅದರಲ್ಲಿ ನಮ್ಮಪ್ಪನ ಅಂಗೈಯೂ ಇತ್ತು. ನಾನು ಹುಡುಗನಾಗಿದ್ದಾಗ ಕೊಕ್ಕು ಇತ್ತೇ? ಇತ್ತು ಎಂದೇ ನೆನಪು. ಆ ನೆನಪನ್ನೂ ನಾನು ಎಷ್ಟು ಸಲ ಸವರಿದ್ದೇನೋ.

ಬಸವಾಚಾರಿ ಮೊದಲು ಕೈಯಿಟ್ಟು ಕಣ್ಣಿಗೊತ್ತಿಕೊಂಡರು. ಪಾಲಹಳ್ಳಿಯ ಯಜಮಾನರು ಸೊಸೆಗೆ "ಮುಟ್ಟವ್ವ" ಎಂದರು. ಚಂದ್ರಕಲಾ ನನಗೆ ಜಾಗ ಬಿಟ್ಟು, "ನೀವೂ ಸಾ" ಎಂದಳು. ಮುಟ್ಟಿದೆ. ಹಳೆಯ ಛತ್ರ, ಧೂಳು ಬಹಳ. ಕಣ್ಣಿಗೆ ಬಿತ್ತು. ಕರ್ಚೀಫು ತೆಗೆದು ಒರೆಸಿಕೊಂಡೆ.

ಚಂದ್ರಕಲಾ ಪ್ರಬಂಧವನ್ನು ಮತ್ತೆ ಬರೆದು ತಂದಳು. "ಈ ಗಿಳಿಯನ್ನು ಕೆತ್ತಿದವರು ನಮ್ಮ ಮುತ್ತಜ್ಜ ಎಂದು ನಮ್ಮ ತಂದೆ ಹೇಳುತ್ತಾರೆ" ಎಂದಿತ್ತು ಈಗ. "ತಮ್ಮ ಮುತ್ತಜ್ಜ ಎಂದು ನಮ್ಮ ಮೇಷ್ಟ್ರ ತಂದೆ ಹೇಳುತ್ತಿದ್ದರು. ಇದು ಕೊಕ್ಕರೆ ಎಂದು ಪಾಲಹಳ್ಳಿಯವರು ಹೇಳುತ್ತಾರೆ. ಇಷ್ಟು ಜನ ಮುಟ್ಟಿದ್ದರಿಂದ ಈಗ ಅದಕ್ಕೆ ಮುಖವಿಲ್ಲ. ಅದು ಯಾಕೆ ತಿರುಗಿತು ಎಂಬುದು ಯಾರಿಗೂ ಗೊತ್ತಿಲ್ಲ. ಆದರೆ ಅದು ತಿರುಗಿದ್ದರಿಂದ ನಾನು ಕಾಲೇಜಿಗೆ ಬಂದೆ. ಇದಕ್ಕೆ ಆಧಾರ ನಮ್ಮ ಕಾಲೇಜಿನ ಹಾಜರಿ." ನಾನು ಹೇಳಿಕೊಟ್ಟದ್ದೆಲ್ಲ ಅದರಲ್ಲಿತ್ತು, ಹೇಳಿಕೊಡದ್ದೂ ಇತ್ತು. ಹಳೆಯ ಹಾಳೆಯನ್ನು ಅವಳೆದುರಿಗೇ ಹರಿದು ಬುಟ್ಟಿಗೆ ಹಾಕಿದೆ. ನೀತಿಗೆ ಪೂರ್ತಿ ಅಂಕ ಕೊಟ್ಟೆ. ಚರಿತ್ರೆಗೆ ಒಂದು ಕಡಿಮೆ ಕೊಟ್ಟೆ.

"ಒಂದ್ ಯಾಕ್ ಸಾ ಕಮ್ಮಿ?"

"ಗಿಳಿ ತಿರುಗಿದ್ದು ನಮ್ಮಜ್ಜಿ ಕೂಗಿದ್ದಕ್ಕೆ" ಎಂದೆ.

"ಅಂಗಾರೆ ಆ ಒಂದ್ ಮಾರ್ಕು ನಿಮ್ಮಜ್ಜಿಗೇ ಇರ್ಲಿ ಬುಡಿ ಸಾ. ಬುತ್ತಿ ಇಡ್ಕೊಂಡ್ ನಿಂತವ್ರೆ, ಪಾಪ" ಎಂದು ಹಾಳೆ ತೆಗೆದುಕೊಂಡು ಬಸ್ಸಿಗೆ ಓಡಿದಳು. ದೊಡ್ಡಪ್ಪ ಆ ಪ್ರಬಂಧವನ್ನು ಓದಿ, ಹೊರಗಿಟ್ಟಿದ್ದ ಎಮ್ಮೆಯ ಹಗ್ಗ ಎತ್ತಿಕೊಂಡು ಹೊಲಕ್ಕೆ ಹೋದರಂತೆ. ಅವರ ಮನೆಯಲ್ಲಿ ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರಂತೆ. ಅವಳು ಡಿಗ್ರಿ ಮುಗಿಸಿ ಈಗ ಬಿ.ಎಡ್. ಮಾಡುತ್ತಿದ್ದಾಳೆ.

ಇಷ್ಟನ್ನು ಬರೆದು ಮೊನ್ನೆ ಪುಟ್ಟಸ್ವಾಮಿಯವರಿಗೆ ಓದಲು ಕೊಟ್ಟೆ. ಓದಿ ಮುಗಿಸಿ, ನನ್ನದೇ ಜೇಬಿನಿಂದ ಕೆಂಪು ಪೆನ್ನು ತೆಗೆದುಕೊಂಡು, ಅವರು ಕಡ್ಲೆಪುರಿ ಅಗಿಯುವ ಕಡೆ ಗೆರೆ ಎಳೆದು "ಆಧಾರ?" ಎಂದು ಬರೆದರು.

"ಯಾಕೆ?" ಎಂದೆ.

"ಆವತ್ತು ನಾನ್ ಬಂದೇ ಇರ್ನಿಲ್ವಲ್ಲ! ನಮ್ ಅಸ ಕರ ಆಕಿತ್ತು. ನೀವ್ ಒಬ್ರೇ ಓಗಿದ್ರಿ."

ಇದು ಸಾಧ್ಯವೇ ಇಲ್ಲ. ಕಾಕಂಬಿಯ ಮಾತಿಗೆ ಅವರು ನನ್ನನ್ನು ಗೇಲಿ ಮಾಡಿದ್ದು ಈಗಲೂ ಕಿವಿಯಲ್ಲಿದೆ. ಆ ಭಾನುವಾರದ ಡೈರಿ ತೆಗೆದು ನೋಡಿದೆ. "ಪಟ್ಟಣಕ್ಕೆ ಹೋದೆ. ಬಂದೆ" ಎಂದಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಶೈಲಿ ಏನೂ ಸುಧಾರಿಸಿಲ್ಲ. ಕೊನೆಗೆ ಚಂದ್ರಕಲಾಳಿಗೇ ಫೋನ್ ಮಾಡಿ ಕೇಳಿದೆ.

"ಪುಟ್ಟಸ್ವಾಮಿ ಸಾರ್ ಬಂದಿದ್ರೋ ಇಲ್ವೋ ನಂಗ್ ನೆನಪಿಲ್ಲ ಸಾ" ಎಂದಳು. "ನೀವ್ ಅತ್ತಿದ್ದು ಮಾತ್ರ ಚೆನ್ನಾಗ್ ನೆನಪದೆ."

ನಾನು ಅತ್ತಿರಲಿಲ್ಲ. ಧೂಳು ಬಿದ್ದಿತ್ತು. ಅದಕ್ಕೆ ಆಧಾರ ನಾನೇ.